ಗ್ರೀನ್ ಕಾರ್ಡ್ ಮೆಡಿಕಲ್‌ನಲ್ಲಿ ಫ್ಲೂ ಲಸಿಕೆ: ಯಾರಿಗೆ, ಯಾವಾಗ, ಯಾಕೆ?

ಅಮೆರಿಕದ ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವವರು ಒಂದು ವೈದ್ಯಕೀಯ ಪರೀಕ್ಷೆ ಮಾಡಿಸಲೇಬೇಕು. ಇಲ್ಲಿರುವ ನಮ್ಮವರು ಅದನ್ನು ಬರೀ ‘ಮೆಡಿಕಲ್’ ಅಂತಾರೆ. ಮೆಡಿಕಲ್ ಅಂದರೆ ಕ್ಷಯದ ಪರೀಕ್ಷೆ, ಒಂದಿಷ್ಟು ರಕ್ತ ತಪಾಸಣೆ, ಮತ್ತೆ ಲಸಿಕೆಗಳ ಒಂದು ಪಟ್ಟಿ. ಪಟ್ಟಿಯಲ್ಲಿರುವ ಹೆಚ್ಚಿನ ಲಸಿಕೆಗಳ ವಿಷಯ ಸರಳ. ದಡಾರದ ಲಸಿಕೆ ಚಿಕ್ಕಂದಿನಲ್ಲೇ ಹಾಕಿಸಿಕೊಂಡು ಕಾಗದ ಇಟ್ಟುಕೊಂಡಿದ್ದರೆ ಅದನ್ನು ತೋರಿಸಿದರಾಯಿತು. ಕಾಗದ ಕಳೆದುಹೋಗಿದ್ದರೆ ರಕ್ತ ಪರೀಕ್ಷೆ ಮಾಡಿ ಮೈಯಲ್ಲಿ ರೋಗನಿರೋಧಕ ಶಕ್ತಿ ಇದೆ ಅಂತ ತೋರಿಸುವ ದಾರಿಯೂ ಇದೆ.

ಫ್ಲೂ ಲಸಿಕೆಗೆ ಈ ಎರಡೂ ದಾರಿ ಇಲ್ಲ. ಹೋದ ವರ್ಷದ ಕಾಗದ ಈ ವರ್ಷಕ್ಕೆ ನಡೆಯುವುದಿಲ್ಲ. ರಕ್ತ ಪರೀಕ್ಷೆಯನ್ನೂ ಒಪ್ಪುವುದಿಲ್ಲ. ಅದು ಬೇಕೋ ಬೇಡವೋ ಅನ್ನುವುದನ್ನು ತೀರ್ಮಾನಿಸುವುದು ಕ್ಯಾಲೆಂಡರ್. ಮೆಡಿಕಲ್ ಮಾಡಿಸುವ ದಿನ ಫ್ಲೂ ಋತುವಿನ ಒಳಗೆ ಬಿದ್ದರೆ ಬೇಕು, ಹೊರಗೆ ಬಿದ್ದರೆ ಬೇಡ. ವಲಸೆ ಪರೀಕ್ಷೆಯ ಲೆಕ್ಕದಲ್ಲಿ ಫ್ಲೂ ಋತು ಅಂದರೆ ಅಕ್ಟೋಬರ್ 1ರಿಂದ ಮಾರ್ಚ್ 31. ಇಷ್ಟು ಗೊತ್ತಿದ್ದರೆ ಅರ್ಧ ಗೊಂದಲ ಹೋಗುತ್ತದೆ. ಆದರೆ ಭಾರತದಲ್ಲಿ ಹುಟ್ಟಿದವರಿಗೆ ಈ ಅಕ್ಟೋಬರ್ 1 ಸುಮ್ನೆ ಒಂದು ತಾರೀಖಲ್ಲ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಈ ನಿಯಮ ಎಲ್ಲಿಂದ ಬಂತು ನೋಡೋಣ.

ಪಟ್ಟಿ ಮಾಡಿದವರು ಯಾರು

1996ರಲ್ಲಿ ಅಮೆರಿಕದ ಸಂಸತ್ತು ವಲಸೆ ಕಾನೂನಿಗೆ ದೊಡ್ಡ ತಿದ್ದುಪಡಿ ತಂದಿತು. ಇಲ್ಲಿ ಶಾಶ್ವತವಾಗಿ ನೆಲೆಸಲು ಬರುವವರು ಕೆಲವು ಲಸಿಕೆ ಹಾಕಿಸಿಕೊಂಡಿರಬೇಕು ಅನ್ನುವ ಷರತ್ತು ಆಗಲೇ ಸೇರಿದ್ದು. ಕಾನೂನಿನಲ್ಲಿ ಕೆಲವು ರೋಗಗಳ ಹೆಸರು ನೇರವಾಗಿ ಇವೆ: ಮಂಗನಬಾವು, ದಡಾರ, ರುಬೆಲ್ಲಾ, ಪೋಲಿಯೊ, ಧನುರ್ವಾಯು, ಡಿಫ್ತೀರಿಯ, ನಾಯಿಕೆಮ್ಮು, ಹಿಬ್ (ಮಕ್ಕಳಿಗೆ ಮಿದುಳುಜ್ವರ ತರಬಲ್ಲ ಒಂದು ಬ್ಯಾಕ್ಟೀರಿಯದ ಸೋಂಕು), ಹೆಪಟೈಟಿಸ್ ಬಿ. ಫ್ಲೂ ಹೆಸರು ಅಲ್ಲಿಲ್ಲ. ಆದರೆ ಕೊನೆಯಲ್ಲಿ ಒಂದು ಮಾತು ಇದೆ. ಲಸಿಕೆಗಳ ಬಗ್ಗೆ ಸಲಹೆ ಕೊಡುವ ಸರ್ಕಾರಿ ಸಮಿತಿ ಶಿಫಾರಸು ಮಾಡುವ ಬೇರೆ ಲಸಿಕೆಗಳೂ ಇದರಲ್ಲಿ ಸೇರುತ್ತವೆ ಅಂತ. ಆ ಸಮಿತಿಯ ಹೆಸರು ಎಸಿಐಪಿ. ಫ್ಲೂ ಒಳಗೆ ಬಂದದ್ದು ಈ ಬಾಗಿಲಿನಿಂದ.

ಈ ಬಾಗಿಲು ಮೊದಲು ತೀರಾ ಅಗಲವಾಗಿತ್ತು. ಸಮಿತಿ ಏನನ್ನೇ ಶಿಫಾರಸು ಮಾಡಿದರೂ ಅದು ವಲಸಿಗರಿಗೆ ಕಡ್ಡಾಯವಾಗಿಬಿಡುತ್ತಿತ್ತು. 2008ರಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹೀಗೆಯೇ ಪಟ್ಟಿಗೆ ಬಂತು. ಅಮೆರಿಕದ ಹೆಣ್ಣುಮಕ್ಕಳಿಗೆ ಬರೀ ಸಲಹೆಯಾಗಿದ್ದ ದುಬಾರಿ ಲಸಿಕೆ, ಗ್ರೀನ್ ಕಾರ್ಡ್ ಕೇಳುವ ಹೆಣ್ಣುಮಕ್ಕಳಿಗೆ ಮಾತ್ರ ಕಡ್ಡಾಯವಾಯಿತು. ಜನ ಸಿಟ್ಟಾದರು, ಅದು ನ್ಯಾಯವಾದ ಸಿಟ್ಟು. ಕೊನೆಗೆ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2009ರ ಡಿಸೆಂಬರಿನಿಂದ ಹೊಸ ಅಳತೆಗೋಲು ತಂದಿತು. ಸಮಿತಿಯ ಶಿಫಾರಸು ಒಂದೇ ಸಾಲದು. ಲಸಿಕೆ ಆ ವ್ಯಕ್ತಿಯ ವಯಸ್ಸಿಗೆ ಹೊಂದಬೇಕು. ಜೊತೆಗೆ ಆ ರೋಗ ಊರಿಗೆ ಊರೇ ಹರಡಬಲ್ಲದ್ದಾಗಿರಬೇಕು, ಇಲ್ಲವೇ ಅಮೆರಿಕದಿಂದ ಓಡಿಸಲಾದ ಅಥವಾ ಓಡಿಸುತ್ತಿರುವ ರೋಗವಾಗಿರಬೇಕು. ಈ ಅಳತೆಗೆ ನಿಲ್ಲದೆ ಎಚ್‌ಪಿವಿ ಹೊರಗೆ ಹೋಯಿತು. ಸರ್ಪಸುತ್ತಿನ ಲಸಿಕೆಯೂ ಹೋಯಿತು. ಫ್ಲೂ ಉಳಿಯಿತು, ಯಾಕೆಂದರೆ ಪ್ರತಿ ಚಳಿಗಾಲವೂ ಹರಡುವ ರೋಗ ಅದು.

ಅಮೆರಿಕದ ನಾಗರಿಕರಿಗೆ ಫ್ಲೂ ಲಸಿಕೆ ಕಡ್ಡಾಯವಲ್ಲ. ಹತ್ತು ವರ್ಷದಿಂದ ಎಚ್-1ಬಿ ವೀಸಾದಲ್ಲಿ ಇಲ್ಲೇ ಇದ್ದು, ಇಲ್ಲೇ ತೆರಿಗೆ ಕಟ್ಟಿ, ಮಕ್ಕಳನ್ನು ಇಲ್ಲೇ ಶಾಲೆಗೆ ಕಳಿಸಿದವರು ಪಕ್ಕದ ಮನೆಯ ನಾಗರಿಕನಿಗಿಂತ ಜಾಸ್ತಿ ಫ್ಲೂ ಹರಡುತ್ತಾರೆ ಅನ್ನುವುದಕ್ಕೆ ಅರ್ಥವಿಲ್ಲ. ಹಾಗಾಗಿ ಕಡ್ಡಾಯದ ತರ್ಕ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಲಸಿಕೆಯ ಬಗ್ಗೆ ಮಾತ್ರ ನನಗೆ ಅನುಮಾನ ಇಲ್ಲ. ಲಸಿಕೆ ಆ ವರ್ಷದ ವೈರಸ್‌ಗೆ ಚೆನ್ನಾಗಿ ಹೊಂದಿದಾಗ, ಫ್ಲೂನಿಂದ ಡಾಕ್ಟರ ಹತ್ತಿರ ಓಡುವ ಸಾಧ್ಯತೆಯನ್ನು ಶೇ. 40ರಿಂದ 60ರಷ್ಟು ಇಳಿಸುತ್ತದೆ ಅಂತ ಸಿಡಿಸಿ ಹೇಳುತ್ತದೆ. ಕಾನೂನು ಕೇಳಲಿ ಬಿಡಲಿ, ಮನೆಯಲ್ಲಿ ಸಣ್ಣ ಮಗುವೋ ವಯಸ್ಸಾದ ತಂದೆತಾಯಿಯೋ ಇದ್ದರೆ ಹಾಕಿಸಿಕೊಳ್ಳಬೇಕಾದ ಲಸಿಕೆ ಇದು.

ಯಾರಿಗೆ ಅನ್ವಯ

ಪ್ರವಾಸಿ ವೀಸಾ, ವಿದ್ಯಾರ್ಥಿಗಳ ಎಫ್-1, ಕೆಲಸದ ಎಚ್-1ಬಿ, ಅವರ ಸಂಸಾರಕ್ಕೆ ಸಿಗುವ ಎಚ್-4, ಇವು ಯಾವುದಕ್ಕೂ ಈ ನಿಯಮ ಇಲ್ಲ. ಇದು ವಲಸಿಗರಾಗಿ ನೆಲೆಸುವವರಿಗೆ, ಅಂದರೆ ಗ್ರೀನ್ ಕಾರ್ಡಿಗೆ ಮಾತ್ರ. ಗಂಡ, ಹೆಂಡತಿ, ಮಕ್ಕಳು ಒಟ್ಟಿಗೆ ಅರ್ಜಿ ಹಾಕಿದರೂ ಒಬ್ಬೊಬ್ಬರಿಗೂ ಬೇರೆ ಬೇರೆ ಮೆಡಿಕಲ್, ಬೇರೆ ಬೇರೆ ಲಸಿಕೆ ದಾಖಲೆ. ಆರು ತಿಂಗಳು ತುಂಬದ ಕೂಸಿಗೆ ಫ್ಲೂ ಲಸಿಕೆ ಕೊಡುವುದೇ ಇಲ್ಲ. ಆಗ ಡಾಕ್ಟರು ಫಾರಂನಲ್ಲಿ ‘ವಯಸ್ಸಿಗೆ ಹೊಂದುವುದಿಲ್ಲ’ ಅಂತ ಗುರುತು ಹಾಕುತ್ತಾರೆ, ಅಷ್ಟಕ್ಕೆ ಮುಗಿಯಿತು.

ಅಮೆರಿಕದ ಒಳಗಿದ್ದುಕೊಂಡೇ ಅರ್ಜಿ ಹಾಕುವವರು ಸಿವಿಲ್ ಸರ್ಜನ್ ಹತ್ತಿರ ಹೋಗಬೇಕು. ವಲಸೆ ಇಲಾಖೆ ಯುಎಸ್‌ಸಿಐಎಸ್ ಇದಕ್ಕಾಗಿಯೇ ಅನುಮತಿ ಕೊಟ್ಟ ಡಾಕ್ಟರು ಇವರು. ನಿಮ್ಮ ಮಾಮೂಲಿ ಫ್ಯಾಮಿಲಿ ಡಾಕ್ಟರಿಗೆ ಆ ಅನುಮತಿ ಇಲ್ಲದಿದ್ದರೆ ಅವರ ಸಹಿ ನಡೆಯುವುದಿಲ್ಲ. ಸಿವಿಲ್ ಸರ್ಜನ್ ತುಂಬುವ ಫಾರಂ ಐ-693. ಭಾರತದಿಂದ ವಲಸೆ ವೀಸಾ ಪಡೆದು ಬರುವವರು, ಉದಾಹರಣೆಗೆ ಇಲ್ಲಿ ನಾಗರಿಕರಾದ ಮಕ್ಕಳು ಕರೆಸಿಕೊಳ್ಳುವ ಅಪ್ಪ ಅಮ್ಮ, ಭಾರತದಲ್ಲೇ ಪ್ಯಾನೆಲ್ ಫಿಸಿಷಿಯನ್ ಹತ್ತಿರ ಪರೀಕ್ಷೆ ಮಾಡಿಸುತ್ತಾರೆ. ಇವರು ಅಮೆರಿಕದ ರಾಯಭಾರ ಕಚೇರಿ ಗೊತ್ತುಮಾಡಿದ ಡಾಕ್ಟರು. ಲಸಿಕೆಯ ನಿಯಮ ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ. ಭಾರತದಲ್ಲಿ ಆ ಹೊತ್ತಿಗೆ ಲಸಿಕೆ ಸಿಗದಿದ್ದರೆ ‘ಲಭ್ಯವಿಲ್ಲ’ ಅಂತ ಬರೆಯುವ ಅವಕಾಶ ಪ್ಯಾನೆಲ್ ಡಾಕ್ಟರಿಗೆ ಇದೆ.

ಪ್ರತಿ ವರ್ಷ ಯಾಕೆ

ಫ್ಲೂ ವೈರಸ್ ತನ್ನ ಹೊರಮೈಯನ್ನು ಬದಲಾಯಿಸಿಕೊಳ್ಳುತ್ತಲೇ ಇರುತ್ತದೆ. ಹೋದ ವರ್ಷ ನಮ್ಮ ದೇಹ ಕಲಿತ ಗುರುತು ಈ ವರ್ಷಕ್ಕೆ ಸಾಲದೆ ಹೋಗಬಹುದು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಕೂತು ಮುಂದಿನ ಲಸಿಕೆಯಲ್ಲಿ ಯಾವ ತಳಿಗಳಿರಬೇಕು ಅಂತ ಹೇಳುತ್ತದೆ. ಫೆಬ್ರವರಿಯಲ್ಲಿ ಉತ್ತರಾರ್ಧ ಗೋಳಕ್ಕೆ, ಸೆಪ್ಟೆಂಬರಿನಲ್ಲಿ ದಕ್ಷಿಣಾರ್ಧ ಗೋಳಕ್ಕೆ. ತಳಿಗಳ ಸಂಖ್ಯೆಯೂ ಬದಲಾಗುತ್ತದೆ. ಕೆಲವು ವರ್ಷ ನಾಲ್ಕು ತಳಿಗಳ ಲಸಿಕೆ ಇತ್ತು. ಅದರಲ್ಲಿ ಬಿ-ಯಮಗಾಟ ಅನ್ನುವ ಒಂದು ವಂಶ 2020ರ ಮಾರ್ಚಿನಿಂದ ಈಚೆಗೆ ಎಲ್ಲೂ ಖಚಿತವಾಗಿ ಕಾಣಿಸಿಕೊಂಡಿಲ್ಲ. ಅದಕ್ಕೇ 2024-25ರ ಋತುವಿನಿಂದ ಅಮೆರಿಕದಲ್ಲಿ ಸಿಗುವುದು ಮೂರು ತಳಿಗಳ ಲಸಿಕೆ.

ಊರಿಗೆ ಹೋಗಿ ಬರುವವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಅಮೆರಿಕದಲ್ಲಿ ಫ್ಲೂ ಅಂದರೆ ಚಳಿಗಾಲ. ಭಾರತದಲ್ಲಿ ಅದು ಸಾಮಾನ್ಯವಾಗಿ ಎರಡು ಸಲ ಏರುತ್ತದೆ, ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದ ಹೊತ್ತಿಗೆ ಇನ್ನೊಮ್ಮೆ. ಹಾಗಾಗಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಜೂನ್ ತಿಂಗಳಲ್ಲಿ ಹಾಕಿಸಿಕೊಂಡ ಫ್ಲೂ ಲಸಿಕೆ ನಿಮ್ಮ ಆರೋಗ್ಯಕ್ಕೆ ಒಳ್ಳೆಯದೇ. ಆದರೆ ಅದು ಅಮೆರಿಕದಲ್ಲಿ ಆ ಶರತ್ಕಾಲಕ್ಕೆ ಬರುವ ಹೊಸ ಲಸಿಕೆ ಅಲ್ಲ. ನವೆಂಬರಿನಲ್ಲಿ ಇಲ್ಲಿ ಮೆಡಿಕಲ್ ಇದ್ದರೆ ಆ ಕಾಗದವನ್ನು ನಂಬಿ ಕೂರಬೇಡಿ. ಸಿವಿಲ್ ಸರ್ಜನ್ ಕೇಳುವುದು ಈ ಋತುವಿನ ಲಸಿಕೆಯನ್ನು.

ಅಕ್ಟೋಬರ್ 1ರ ಕಥೆ

ಅಮೆರಿಕ ಸರ್ಕಾರದ ಹಣಕಾಸು ವರ್ಷ ಶುರುವಾಗುವುದೂ ಅಕ್ಟೋಬರ್ 1ಕ್ಕೇ. ಆ ವರ್ಷದ ಗ್ರೀನ್ ಕಾರ್ಡುಗಳ ಹೊಸ ಕೋಟಾ ತೆರೆಯುವುದು ಅವತ್ತು. ಭಾರತದಲ್ಲಿ ಹುಟ್ಟಿ, ಕೆಲಸದ ಆಧಾರದ ಮೇಲೆ ಕೊಡುವ ಗ್ರೀನ್ ಕಾರ್ಡಿನ ಇಬಿ-2, ಇಬಿ-3 ಸಾಲಿನಲ್ಲಿ ನಿಂತವರು ಎಷ್ಟೋ ವರ್ಷ ಕಾಯುತ್ತಾರೆ. ಒಂದು ದೇಶದಲ್ಲಿ ಹುಟ್ಟಿದವರಿಗೆ ಒಟ್ಟು ಸಂಖ್ಯೆಯಲ್ಲಿ ಶೇ. 7ಕ್ಕಿಂತ ಜಾಸ್ತಿ ಕೊಡಬಾರದು ಅನ್ನುವ ಮಿತಿಯೇ ಇದಕ್ಕೆ ಕಾರಣ. ಯಾವ ತಾರೀಖಿನವರೆಗೆ ಸಾಲಿಗೆ ಸೇರಿದವರ ಸರದಿ ಬಂತು ಅಂತ ತಿಳಿಸಲು ಪ್ರತಿ ತಿಂಗಳು ಸರ್ಕಾರದ ವೀಸಾ ಬುಲೆಟಿನ್ ಬರುತ್ತದೆ, ಅದರಲ್ಲಿ ಆ ಡೇಟ್ ಮುಂದೆ ಹೋಗುತ್ತಾ ಅಂತ ಎಲ್ಲರ ಕಣ್ಣು. ಅದರಲ್ಲೂ ಅಕ್ಟೋಬರಿನ ಬುಲೆಟಿನ್ ಮೇಲೆ ಆಸೆ ಜಾಸ್ತಿ. 2020ರ ಅಕ್ಟೋಬರಿನಲ್ಲಿ ಭಾರತದ ಇಬಿ-3 ಸಾಲಿನಲ್ಲಿ ಅರ್ಜಿ ಹಾಕುವ ತಾರೀಖು ಒಮ್ಮೆಲೇ 2015ರ ಜನವರಿ 1ಕ್ಕೆ ಜಿಗಿಯಿತು, ಅಂದರೆ ಅದಕ್ಕಿಂತ ಮೊದಲು ಸಾಲಿಗೆ ಸೇರಿದವರೆಲ್ಲ ಅರ್ಜಿ ಹಾಕಬಹುದಾಯಿತು. ಆಗ ಸಿವಿಲ್ ಸರ್ಜನ್ ಹುಡುಕಿಕೊಂಡು ಊರೂರು ಅಲೆದವರು ನಮ್ಮವರಲ್ಲಿ ಬೇಕಾದಷ್ಟು ಜನ ಇದ್ದಾರೆ.

ನೋಡಿ, ಅರ್ಜಿ ಹಾಕುವ ಕಿಟಕಿ ತೆರೆಯುವ ದಿನವೂ ಫ್ಲೂ ಋತು ಶುರುವಾಗುವ ದಿನವೂ ಒಂದೇ. ಇದು ಆಕಸ್ಮಿಕ, ಆದರೆ ಪರಿಣಾಮ ನಿಜ. ಮುಂಚೆ ಮುಖ್ಯ ಅರ್ಜಿ ಐ-485 ಮೊದಲು ಹಾಕಿ, ಮೆಡಿಕಲ್ ಫಾರಂ ಆಮೇಲೆ ಕಳಿಸಬಹುದಿತ್ತು. ಹಾಗೆ ಮುಂದೂಡಿದವರಲ್ಲಿ ಬೇಸಿಗೆಯಲ್ಲಿ ಮೆಡಿಕಲ್ ಮಾಡಿಸಿದವರಿಗೆ ಫ್ಲೂ ಪ್ರಶ್ನೆಯೇ ಬರುತ್ತಿರಲಿಲ್ಲ. 2024ರ ಡಿಸೆಂಬರ್ 2ರಿಂದ ಅದು ಬದಲಾಯಿತು. ಮೆಡಿಕಲ್ ಬೇಕಾದ ಅರ್ಜಿದಾರರು ಐ-693 ಅನ್ನು ಐ-485 ಜೊತೆಗೇ ಕೊಡಬೇಕು, ಇಲ್ಲದಿದ್ದರೆ ಇಲಾಖೆ ಅರ್ಜಿಯನ್ನೇ ತಿರಸ್ಕರಿಸಬಹುದು. ಅಂದರೆ ಡೇಟ್ ಅಕ್ಟೋಬರಿನಲ್ಲಿ ಬಂದರೆ ಮೆಡಿಕಲ್ ಕೂಡ ಆ ಹೊತ್ತಿಗೇ ಆಗಬೇಕು. ಹಾಗಾಗಿ ನಮ್ಮ ಜನರ ಮಟ್ಟಿಗೆ ಫ್ಲೂ ಲಸಿಕೆ ಈಗ ಮೊದಲಿಗಿಂತ ಜಾಸ್ತಿ ಎದುರಾಗುತ್ತದೆ.

ಕೆಲವರು ಅಕ್ಟೋಬರಿಗೆ ತಯಾರಾಗಲು ಸೆಪ್ಟೆಂಬರಿನಲ್ಲೇ ಮೆಡಿಕಲ್ ಮುಗಿಸುತ್ತಾರೆ. ಅದು ಜಾಣತನವೇ. ಆದರೆ ಫ್ಲೂ ಲಸಿಕೆ ತಪ್ಪಿಸಿಕೊಳ್ಳಲೆಂದೇ ಹಾಗೆ ಮಾಡಬೇಡಿ. ಹೊಸ ಋತುವಿನ ಲಸಿಕೆ ಸಾಮಾನ್ಯವಾಗಿ ಸೆಪ್ಟೆಂಬರಿಗೆ ಮುಂಚೆಯೇ ಫಾರ್ಮಸಿಗೆ ಬಂದಿರುತ್ತದೆ, ಕೆಲವು ಕ್ಲಿನಿಕ್‌ಗಳು ಸಿಕ್ಕ ಕೂಡಲೇ ಕೇಳುತ್ತವೆ. ಅಪಾಯಿಂಟ್‌ಮೆಂಟ್ ಪಕ್ಕಾ ಮಾಡುವಾಗಲೇ ‘ಫ್ಲೂ ಶಾಟ್ ಬೇಕಾ?’ ಅಂತ ಒಂದು ಮಾತು ಕೇಳಿಬಿಡಿ.

ಮೆಡಿಕಲ್ ಎಷ್ಟು ದಿನ ನಡೆಯುತ್ತದೆ ಅನ್ನುವುದರಲ್ಲೂ ಹಗ್ಗಜಗ್ಗಾಟ ಆಗಿದೆ. 2024ರ ಏಪ್ರಿಲ್‌ನಲ್ಲಿ ಇಲಾಖೆ, 2023ರ ನವೆಂಬರ್ 1ರಂದು ಅಥವಾ ಆಮೇಲೆ ಸಹಿಯಾದ ಐ-693ಗೆ ಅವಧಿಯೇ ಇಲ್ಲ ಅಂದಿತು. 2025ರ ಜೂನ್ 11ರಂದು ಅದನ್ನು ಹಿಂತೆಗೆದುಕೊಂಡು, ಯಾವ ಅರ್ಜಿಯ ಜೊತೆ ಕೊಟ್ಟಿದ್ದೀರೋ ಆ ಅರ್ಜಿ ಬಾಕಿ ಇರುವವರೆಗೆ ಮಾತ್ರ ಅದು ಚಾಲ್ತಿ ಅಂತ ಹೇಳಿತು. ಅರ್ಜಿ ತಿರಸ್ಕೃತವಾದರೆ ಅಥವಾ ನೀವೇ ಹಿಂದಕ್ಕೆ ತೆಗೆದುಕೊಂಡರೆ ಮುಂದಿನ ಅರ್ಜಿಗೆ ಹೊಸ ಮೆಡಿಕಲ್ ಬೇಕು. ಅದು ಚಳಿಗಾಲದಲ್ಲಿ ಆದರೆ ಆ ವರ್ಷದ ಫ್ಲೂ ಲಸಿಕೆಯೂ ಬೇಕು.

ಮೊಟ್ಟೆಯ ಪ್ರಶ್ನೆ

ನಮ್ಮ ಜನರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಅದನ್ನು ಮುಜುಗರಪಟ್ಟುಕೊಂಡು ಕೇಳಬೇಕಾಗಿಲ್ಲ. ಹೌದು, ಹೆಚ್ಚಿನ ಫ್ಲೂ ಲಸಿಕೆಗಳನ್ನು ಕೋಳಿಮೊಟ್ಟೆಯೊಳಗೆ ವೈರಸ್ ಬೆಳೆಸಿ, ಅದನ್ನು ಸಾಯಿಸಿ, ಶುದ್ಧಮಾಡಿ ತಯಾರಿಸುತ್ತಾರೆ. ಮೊಟ್ಟೆಯ ಪ್ರೋಟೀನ್ ಅತಿ ಸಣ್ಣ ಪ್ರಮಾಣದಲ್ಲಿ ಉಳಿದಿರಬಹುದು. ಬೇರೆ ಆಯ್ಕೆಗಳು ಇವೆ. ಫ್ಲೂಬ್ಲಾಕ್ ಅನ್ನುವ ಲಸಿಕೆಯಲ್ಲಿ ಮೊಟ್ಟೆ ಬಳಸುವುದಿಲ್ಲ, ಅದರ ಪ್ರೋಟೀನನ್ನು ಪ್ರಯೋಗಾಲಯದಲ್ಲಿ ಕೀಟದ ಜೀವಕೋಶಗಳಲ್ಲಿ ತಯಾರಿಸುತ್ತಾರೆ. ಫ್ಲೂಸೆಲ್‌ವ್ಯಾಕ್ಸ್‌ನಲ್ಲೂ ಮೊಟ್ಟೆ ಇಲ್ಲ, ಅದನ್ನು ನಾಯಿಯ ಮೂತ್ರಪಿಂಡದಿಂದ ಬಹಳ ಹಿಂದೆ ತೆಗೆದು ಬೆಳೆಸುತ್ತಾ ಬಂದ ಜೀವಕೋಶಗಳಲ್ಲಿ ಬೆಳೆಸುತ್ತಾರೆ. ಮೂಗಿಗೆ ಸಿಂಪಡಿಸುವ ಫ್ಲೂಮಿಸ್ಟ್ ಸೂಜಿಯಿಲ್ಲದ್ದು ಅಂತ ಮಕ್ಕಳಿಗೆ ಇಷ್ಟ, ಆದರೆ ಅದು ಮೊಟ್ಟೆಯಲ್ಲೇ ಬೆಳೆದದ್ದು, ಜೊತೆಗೆ ಅದರಲ್ಲಿ ಹಂದಿಯಿಂದ ಬಂದ ಜೆಲಟಿನ್ ಇದೆ. ಪೂರ್ತಿ ಸಸ್ಯಾಹಾರಿ ಅನ್ನಬಹುದಾದದ್ದು ಇವುಗಳಲ್ಲಿ ಯಾವುದೂ ಇಲ್ಲ. ಮೊಟ್ಟೆ ಬೇಡ ಅನ್ನುವವರು ಮೊದಲೇ ಫಾರ್ಮಸಿಗೆ ಫೋನ್ ಮಾಡಿ ಫ್ಲೂಬ್ಲಾಕ್ ಇದೆಯಾ ಅಂತ ಕೇಳಿ. ಯಾವ ವಯಸ್ಸಿಗೆ ಯಾವುದು ಅನ್ನುವುದನ್ನು ಅವರೇ ಹೇಳುತ್ತಾರೆ. ವಲಸೆ ಪರೀಕ್ಷೆಗೆ, ನಿಮ್ಮ ವಯಸ್ಸಿಗೆ ಒಪ್ಪಿಗೆ ಇರುವ ಯಾವ ಬ್ರ್ಯಾಂಡ್ ಆದರೂ ಸರಿ.

ಮೊಟ್ಟೆಯ ಅಲರ್ಜಿ ಇರುವವರಿಗೂ ಈಗ ವಿಶೇಷ ಎಚ್ಚರಿಕೆ ಬೇಕಿಲ್ಲ ಅಂತ ಎಸಿಐಪಿ 2023-24ರ ಋತುವಿನಿಂದ ಹೇಳುತ್ತಿದೆ. ಹಿಂದೆ ಫ್ಲೂ ಲಸಿಕೆಯಿಂದಲೇ ತೀವ್ರ ಅಲರ್ಜಿ ಆದವರ ವಿಷಯ ಬೇರೆ. ಅದನ್ನು ಡಾಕ್ಟರು ‘ಕೊಡಬಾರದು’ ಅಂತ ಫಾರಂನಲ್ಲಿ ಬರೆದರೆ ಅದೇ ಸಾಕು, ಬೇರೆ ಅರ್ಜಿ ಬೇಡ. ಬಸುರಿಯರಿಗೆ ಫ್ಲೂ ಸೂಜಿ ಯಾವ ತಿಂಗಳಲ್ಲಾದರೂ ಕೊಡಬಹುದು, ಕೊಡಬೇಕು ಅಂತಲೇ ಸಲಹೆ. ಅವರಿಗೆ ಕೊಡಬಾರದ್ದು ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ), ಚಿಕನ್‌ಪಾಕ್ಸ್ ಮತ್ತು ಫ್ಲೂಮಿಸ್ಟ್‌ನಂತಹ ಜೀವಂತ ವೈರಸ್ ಇರುವ ಲಸಿಕೆಗಳು.

ಬೇಡ ಅಂದರೆ ಏನಾಗುತ್ತದೆ

ಧರ್ಮ ಅಥವಾ ನೈತಿಕ ನಂಬಿಕೆಯ ಕಾರಣಕ್ಕೆ ವಿನಾಯಿತಿ ಕೇಳುವ ಅವಕಾಶ ಕಾನೂನಿನಲ್ಲಿದೆ. ಅದರ ಷರತ್ತುಗಳು ಬಿಗಿಯಾಗಿವೆ. ನಿಮ್ಮ ವಿರೋಧ ಎಲ್ಲ ಲಸಿಕೆಗಳಿಗೂ ಇರಬೇಕು, ಅದು ಧಾರ್ಮಿಕ ಅಥವಾ ನೈತಿಕ ನಂಬಿಕೆಯಿಂದ ಬಂದಿರಬೇಕು, ನಂಬಿಕೆ ಪ್ರಾಮಾಣಿಕವಾಗಿರಬೇಕು. ‘ಮಿಕ್ಕಿದ್ದೆಲ್ಲ ಹಾಕಿಸಿಕೊಂಡೆ, ಫ್ಲೂ ಮಾತ್ರ ಬೇಡ’ ಅಂದರೆ ಮೊದಲನೇ ಷರತ್ತಿನಲ್ಲೇ ಬೀಳುತ್ತೀರಿ. ಸಸ್ಯಾಹಾರದ ಕಾರಣ ಕೊಟ್ಟು ಬರೀ ಫ್ಲೂ ಲಸಿಕೆ ಬಿಡಲು ಹೊರಟವರಿಗೆ ಈ ದಾರಿ ಮುಚ್ಚಿದೆ ಅಂತಲೇ ತಿಳಿಯಿರಿ. ಈ ವಿನಾಯಿತಿಗೆ ಐ-601 ಅನ್ನುವ ಬೇರೆ ಫಾರಂ ಇದೆ, 2024ರ ಏಪ್ರಿಲ್‌ನಲ್ಲಿ ಅದರ ಶುಲ್ಕ 1,050 ಡಾಲರ್ ಆಯಿತು. ಜೊತೆಗೆ ಕಾಯುವ ಕಾಲ ಬೇರೆ. ವರ್ಷಗಟ್ಟಲೆ ಸಾಲಿನಲ್ಲಿ ನಿಂತವರು ಒಂದು ಸೂಜಿಗಾಗಿ ಮತ್ತೆ ಸಾಲಿಗೆ ಹೋಗುವುದನ್ನು ನೋಡಲು ನನಗೆ ಮನಸ್ಸಿಲ್ಲ.

ಪಟ್ಟಿ ಬದಲಾಗುತ್ತದೆ ಅನ್ನುವುದನ್ನು ಕೋವಿಡ್ ತೋರಿಸಿಕೊಟ್ಟಿದೆ. 2021ರ ಅಕ್ಟೋಬರ್ 1ರಿಂದ ಕೋವಿಡ್ ಲಸಿಕೆ ಕಡ್ಡಾಯವಾಗಿತ್ತು, 2025ರ ಜನವರಿ 22ರಿಂದ ಅದನ್ನು ಕೇಳುವುದು ಬಿಟ್ಟರು. ಎಸಿಐಪಿಯಲ್ಲೂ ದೊಡ್ಡ ಬದಲಾವಣೆ ಆಗಿದೆ. 2025ರ ಜೂನ್‌ನಲ್ಲಿ ಅದರ 17 ಸದಸ್ಯರನ್ನೂ ತೆಗೆದು ಹೊಸಬರನ್ನು ಕೂರಿಸಿದರು. ಆದ್ದರಿಂದ ಎರಡು ವರ್ಷದ ಹಿಂದೆ ಗ್ರೀನ್ ಕಾರ್ಡ್ ಪಡೆದ ಸ್ನೇಹಿತರ ಅನುಭವವನ್ನು ಹಾಗೇ ನಂಬಬೇಡಿ. ನಿಮ್ಮ ಅಪಾಯಿಂಟ್‌ಮೆಂಟಿನ ವಾರ ಸಿಡಿಸಿ ಮತ್ತು ಯುಎಸ್‌ಸಿಐಎಸ್ ತಾಣಗಳಲ್ಲಿ ಏನಿದೆ ನೋಡಿ.

ದುಡ್ಡು ಮತ್ತು ಕಾಗದ

ಮೆಡಿಕಲ್‌ಗೆ ಸರ್ಕಾರ ಗೊತ್ತುಮಾಡಿದ ದರ ಇಲ್ಲ. ಒಬ್ಬೊಬ್ಬ ಸಿವಿಲ್ ಸರ್ಜನ್ ಒಂದೊಂದು ರೇಟು ಹೇಳುತ್ತಾರೆ, ಇನ್ಶೂರೆನ್ಸ್ ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ. ಫ್ಲೂ ಲಸಿಕೆಯ ಕಥೆ ಬೇರೆ. ಹೆಚ್ಚಿನ ಹೆಲ್ತ್ ಇನ್ಶೂರೆನ್ಸ್‌ಗಳಲ್ಲಿ ಅದು ಪೂರ್ತಿ ಉಚಿತ. ಸಿವಿಎಸ್, ವಾಲ್‌ಗ್ರೀನ್ಸ್‌ನಂತಹ ಫಾರ್ಮಸಿಗೆ ಹೋದರೆ ಅಲ್ಲಿನ ಫಾರ್ಮಸಿಸ್ಟೇ ಕೊಡುತ್ತಾರೆ. ಸಿವಿಲ್ ಸರ್ಜನ್ನೇ ಕೊಡಬೇಕು ಅನ್ನುವ ನಿಯಮ ಇಲ್ಲ. ಹಾಗಾಗಿ ಮೆಡಿಕಲ್‌ಗೆ ಮುಂಚೆಯೇ ಫಾರ್ಮಸಿಯಲ್ಲಿ ಹಾಕಿಸಿಕೊಂಡು ಅದರ ದಾಖಲೆ ತೆಗೆದುಕೊಂಡು ಹೋಗುವುದು ಒಳ್ಳೆಯದು. ದಾಖಲೆಯಲ್ಲಿ ನಿಮ್ಮ ಹೆಸರು, ಲಸಿಕೆಯ ಹೆಸರು, ದಿನ ತಿಂಗಳು ವರ್ಷ ಎಲ್ಲ ಇರಬೇಕು. ‘ಹೋದ ವಾರ ಹಾಕಿಸಿಕೊಂಡೆ’ ಅಂತ ಬಾಯಲ್ಲಿ ಹೇಳಿದರೆ ಡಾಕ್ಟರು ಬರೆಯುವ ಹಾಗಿಲ್ಲ.

ಲಸಿಕೆ ಮೈಗೆ ಹಿಡಿಯಲು ಸುಮಾರು ಎರಡು ವಾರ ಬೇಕು, ಆದರೆ ಫಾರಂಗೆ ಆ ಕಾಯುವಿಕೆ ಇಲ್ಲ. ಅವತ್ತೇ ಹಾಕಿಸಿಕೊಂಡರೂ ಲೆಕ್ಕಕ್ಕೆ ಬರುತ್ತದೆ. ಆರು ತಿಂಗಳಿಂದ ಎಂಟು ವರ್ಷದ ಮಕ್ಕಳಿಗೆ ಮೊದಲ ಸಲವಾದರೆ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಕೊಡುತ್ತಾರೆ. ಮೆಡಿಕಲ್‌ಗೆ ಒಂದು ಡೋಸ್ ಆಗಿದ್ದರೆ ಸಾಕು. ಎರಡನೆಯದನ್ನು ಮಗುವಿನ ಒಳ್ಳೆಯದಕ್ಕೆ ಮರೆಯದೆ ಹಾಕಿಸಿ. ಸೂಜಿಯಿಂದ ಫ್ಲೂ ಬರುವುದಿಲ್ಲ, ಅದರಲ್ಲಿ ಜೀವಂತ ವೈರಸ್ ಇಲ್ಲ. ತೋಳು ನೋಯಬಹುದು, ಒಂದೆರಡು ದಿನ ಮೈ ಬೆಚ್ಚಗಾಗಬಹುದು.

ಎಲ್ಲ ಮುಗಿದ ಮೇಲೆ ಡಾಕ್ಟರು ಫಾರಂ ಅನ್ನು ಲಕೋಟೆಗೆ ಹಾಕಿ ಅಂಟಿಸಿ ಕೊಡುತ್ತಾರೆ. ಅದನ್ನು ನೀವು ತೆರೆಯಬಾರದು. ಅದಕ್ಕೇ ಅಂಟಿಸುವ ಮುಂಚೆ ಒಂದು ನಕಲು ಕೇಳಿ ತೆಗೆದುಕೊಳ್ಳಿ, ಅಲ್ಲೇ ನಿಂತು ಲಸಿಕೆಗಳ ಪುಟ ಓದಿ. ಫ್ಲೂ ಸಾಲಿನಲ್ಲಿ ಎರಡರಲ್ಲಿ ಒಂದು ಇರಲೇಬೇಕು: ಲಸಿಕೆ ಕೊಟ್ಟ ತಾರೀಖು, ಇಲ್ಲವೇ ಫ್ಲೂ ಋತು ಅಲ್ಲ, ವಯಸ್ಸಿಗೆ ಹೊಂದುವುದಿಲ್ಲ, ಕೊಡಬಾರದು ಅನ್ನುವಂಥ ಒಂದು ಗುರುತು. ಆ ಸಾಲು ಖಾಲಿ ಉಳಿದರೆ ತಿಂಗಳುಗಳ ನಂತರ ಇಲಾಖೆಯಿಂದ ಆರ್‌ಎಫ್‌ಇ ಬರಬಹುದು, ಅಂದರೆ ಇನ್ನಷ್ಟು ದಾಖಲೆ ಕೊಡಿ ಅನ್ನುವ ಪತ್ರ. ಸಾಲು ಖಾಲಿ ಕಂಡರೆ ಅಲ್ಲೇ ಡಾಕ್ಟರಿಗೆ ತೋರಿಸಿ, ತುಂಬಿಸಿದ ಮೇಲೆಯೇ ಲಕೋಟೆ ಅಂಟಿಸಲು ಹೇಳಿ.